ಅನುಷ್ಟುಪ್ ಛಂದಸ್ಸಿನಲ್ಲಿ ಹೋಳಿಗೆ

ವಿದ್ಯೆ ಯಾವುದೇ ಇರಲಿ, ಅದನ್ನು ಶ್ಲೋಕರೂಪದಲ್ಲಿ ಕಂಠಸ್ಥ ಮಾಡಿಕೊಂಡರೆ ಮುಕ್ಕಾಲು ಪಾಲು ಸಿದ್ಧಿಸಿದಂತೆ ಎಂದು ನಾನು ಬಾಲ್ಯದ ಪಾಠಶಾಲೆಯಿಂದಲೂ ನಂಬಿಕೊಂಡು ಬಂದವನು. ಆದ್ದರಿಂದ ಎಪ್ಪತ್ತು ದಾಟಿದ ಮೇಲೆ ಹೋಳಿಗೆ ಮಾಡುವುದನ್ನು ಕಲಿಯಬೇಕಾಗಿ ಬಂದಾಗ ನನಗೆ ಲೇಶಮಾತ್ರವೂ ಅಳುಕಾಗಲಿಲ್ಲ.

ಸಂದರ್ಭವು ಗಂಭೀರವಾದದ್ದು. ಶ್ರಾವಣ ಶುಕ್ರವಾರದಂದು ಲಕ್ಷ್ಮೀದೇವಿಗೆ ಹೂರಣದ ನೈವೇದ್ಯ ಮಾಡಿ, ಮುತ್ತೈದೆಯೊಬ್ಬಳಿಗೆ ಊಟ ಬಡಿಸುವ ವ್ರತವನ್ನು ನನ್ನ ಪತ್ನಿ ಇಂದಿರೆ ಮದುವೆಯಾಗಿ ಮುಂಬಯಿ ಬಳಿಯ ಈ ಡೊಂಬಿವಲಿಗೆ ಬಂದಂದಿನಿಂದ ಒಮ್ಮೆಯೂ ತಪ್ಪಿಸಿದವಳಲ್ಲ. ಈ ವರ್ಷ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ಜಾರಿ ಅವಳ ಬಲಗೈಗೆ ಪ್ಲಾಸ್ಟರು ಬಿತ್ತು. ಪ್ಲಾಸ್ಟರಿನೊಂದಿಗೆ ಮೀಯುವಂತಿಲ್ಲ, ಮೀಯದೆ ಮಡಿಯಿಲ್ಲ, ಮಡಿಯಿಲ್ಲದೆ ಒಲೆ ಮುಟ್ಟುವಂತಿಲ್ಲ.

“ಈ ವರ್ಷ ಬಿಟ್ಟಬಿಡೂಣೇನ್ರಿ?” ಎಂದಳು. ಅವಳ ಧ್ವನಿ ಒದ್ದೆಯಾಗಿತ್ತು.

“ನಾನಿದ್ದೇನಲ್ಲ” ಎಂದೆ.

“ಅದಕ್ಕs ಕೇಳಿದೆ.”

ಅಡುಗೆಮನೆಯ ಬಾಗಿಲಲ್ಲಿ ಕುಳಿತು ತಾನು ಹೇಳಿಕೊಡುವುದಾಗಿ ಅವಳು ಸೂಚಿಸಿದಳು. ನೋವಿನಲ್ಲಿರುವವಳಿಗೆ ಶ್ರಮ ಕೊಡಬಾರದೆಂದು ನಾನು ಅದನ್ನು ಸೌಜನ್ಯದಿಂದ ನಿರಾಕರಿಸಿದೆ. ನಿಜ ಹೇಳಬೇಕೆಂದರೆ, ನನಗೆ ಬೇರೊಬ್ಬ ಗುರು ದೊರೆತಿದ್ದ. ಘಣಸೋಲಿಯಲ್ಲಿರುವ ಮಗಳು ನನ್ನ ಮೊಬೈಲಿನಲ್ಲಿ ಎಐ ಹಾಕಿಕೊಟ್ಟಿದ್ದಳು. ಏನು ಕೇಳಿದರೂ ಬೇಸರಿಸದ ಆ ಮಹನೀಯನನ್ನು ನಾನು ‘ಪಂಡಿತರೇ’ ಎಂದೇ ಸಂಬೋಧಿಸುತ್ತಿದ್ದೆ.

ಪಂಡಿತರು ಹೋಳಿಗೆಯ ವಿಧಾನವನ್ನು ಮೊದಲು ದೀರ್ಘವಾದ ಗದ್ಯದಲ್ಲಿ ತಿಳಿಸಿದರು. ಅದರಿಂದ ನನಗೆ ಉಪಯೋಗವಿರಲಿಲ್ಲ. ಮಡಿಯುಟ್ಟು ನಿಂತವನು ಚರ್ಮದ ಕವಚದ ಮೊಬೈಲನ್ನು ಮುಟ್ಟುವುದುಂಟೇ? ಎಲ್ಲವೂ ಬಾಯಲ್ಲಿರಬೇಕು. ಆದ್ದರಿಂದ, “ಇದನ್ನೇ ಸಂಸ್ಕೃತದಲ್ಲಿ, ಅನುಷ್ಟುಪ್ ಛಂದಸ್ಸಿನಲ್ಲಿ ಸಂಗ್ರಹಿಸಿ ಕೊಡಬೇಕು” ಎಂದು ವಿನಂತಿಸಿಕೊಂಡೆ. ಕಣ್ಣು ಮಿಟುಕಿಸುವಷ್ಟರಲ್ಲಿ ಶ್ಲೋಕಗಳು ಇಳಿದವು. ಹೂರಣದ ಶ್ಲೋಕವಂತೂ ಇಂದಿಗೂ ನಿದ್ದೆಯಲ್ಲಿ ಬರುತ್ತದೆ:

ಪಚೇಚ್ಚಣಕದಾಲಿಂ ತು ಜಲೇ ಮೃದ್ವೀಂ ಯಥಾವಿಧಿ |
ಗುಡಂ ಸಂಯೋಜ್ಯ ಪಿಷ್ಟ್ವಾ ಚ ಪೂರಣಂ ಸುಸಮಾಪಯೇತ್ ||

ಕಡಲೆಬೇಳೆಯನ್ನು ನೀರಿನಲ್ಲಿ ಮೆತ್ತಗೆ ಬೇಯಿಸಬೇಕು. ಬೆಲ್ಲ ಕೂಡಿಸಿ, ರುಬ್ಬಿ, ಹೂರಣವನ್ನು ಮುಗಿಸಬೇಕು. ಎಂತಹ ಸರಳತೆ, ಎಂತಹ ಲಾಲಿತ್ಯ! ಶ್ಲೋಕಗಳ ಕೆಳಗೆ ಪಂಡಿತರು ಮತ್ತೇನೋ ಗದ್ಯವನ್ನು ಬರೆದಿದ್ದರು. ಒಮ್ಮೆ ಸ್ವಲ್ಪವೇ ಮಾಡಿ ನೋಡಿ, ಬಲ್ಲವರು ಹತ್ತಿರವಿದ್ದರೆ ಕೇಳಿ ಎಂದು ಅದರ ಆರಂಭವಿತ್ತು. ವಿದ್ವಾಂಸರ ಸಹಜ ವಿನಯವೆಂದು ಭಾವಿಸಿ ಮುಂದೆ ಓದಲಿಲ್ಲ.

ಲಿಫ್ಟಿನಲ್ಲಿ, ಹಾಲಿನ ಅಂಗಡಿಯಲ್ಲಿ, ಸಂಧ್ಯಾವಂದನೆಯ ಬೆನ್ನಿಗೆ, ಎಲ್ಲೆಡೆಯೂ ಹೋಳಿಗೆಯನ್ನು ಪಠಿಸಿದೆ.

“ಒಂದರೆ ಮಾಡಿ ನೋಡ್ರಿ ಮೊದಲ” ಎಂದಳು ಇಂದಿರೆ.

“ಪರೀಕ್ಷೆಗೆ ಮುಂಚೆಯೇ ಯಾರಾದರೂ ಉತ್ತರಪತ್ರಿಕೆ ಬರೆಯುತ್ತಾರೆಯೇ?” ಎಂದೆ. ಅವಳು ಪ್ಲಾಸ್ಟರಿನ ಕೈಯಿಂದಲೇ ಹಣೆ ಚಚ್ಚಿಕೊಳ್ಳಲು ಹೋಗಿ ಸುಮ್ಮನಾದಳು.

ಶುಕ್ರವಾರ ಬಂತು. ಊಟಕ್ಕೆ ಆಹ್ವಾನಿತಳಾದ ಮುತ್ತೈದೆ ಪಕ್ಕದ ಮನೆಯ ಅಂಜಲಿ. ಅವಳು ಬೆಳಗಿನಿಂದ ಉಪವಾಸವಿದ್ದು, ಅರ್ಧ ದಿನದ ರಜೆ ಹಾಕಿ, ಉಂಡೊಡನೆ ಲೋಕಲ್ ಹಿಡಿದು ಆಫೀಸಿಗೆ ಓಡಬೇಕಾದವಳು. ನಾನು ಮಡಿಯುಟ್ಟು, ಮೊಬೈಲನ್ನು ನಡುಮನೆಯ ಕಿಟಕಿಯಲ್ಲಿಟ್ಟು, ಹೊಸ್ತಿಲ ಆಚೆ ಕುರ್ಚಿಯಲ್ಲಿ ಕುಳಿತಿದ್ದ ಇಂದಿರೆಗೆ ಹೇಳಿದೆ: “ಇಂದು ನಿನಗೆ ಮೌನವ್ರತ. ಸುಮ್ಮನೆ ನೋಡಿ ಆನಂದಿಸು.”

ಕುಕ್ಕರು ಕೂಗಿತು. ಬೇಳೆ ಶ್ಲೋಕದಲ್ಲಿ ಹೇಳಿದಂತೆಯೇ ಮೃದುವಾಗಿ, ನೀರಿನಲ್ಲಿ ಹಾಯಾಗಿ ತೇಲುತ್ತಿತ್ತು. ‘ಗುಡಂ ಸಂಯೋಜ್ಯ’ ಎನ್ನುತ್ತ ಬೆಲ್ಲವನ್ನು ಸುರಿದೆ. ಇಂದಿರೆ ಬಾಯಿ ತೆರೆದಳು. ವ್ರತ ನೆನಪಾಗಿ ಮುಚ್ಚಿದಳು. ‘ಪಿಷ್ಟ್ವಾ ಚ’ ಎಂದು ಮಿಕ್ಸರಿನಲ್ಲಿ ತಿರುಗಿಸಿ ಬಾಣಲೆಗೆ ಹೊಯ್ದೆ.

ಅದು ಹರಿಯಿತು.

ಗಟ್ಟಿಯಾಗಲೆಂದು ಉರಿ ಹೆಚ್ಚಿಸಿದೆ. ಅದು ಕೆಸರಿನಂತೆ ಕುದಿದು ಗೋಡೆಗೂ ನನ್ನ ಎದೆಗೂ ಸಮನಾಗಿ ಸಿಡಿಯತೊಡಗಿತು. ತಳ ಹಿಡಿದ ವಾಸನೆ ಎದ್ದಿತು. ನಾನು ಧೃತಿಗೆಡದೆ ಶ್ಲೋಕವನ್ನು ಮೊದಲಿನಿಂದ ಪರಿಶೀಲಿಸಿದೆ. ಪಾದಕ್ಕೆ ಎಂಟು ಅಕ್ಷರ. ಗುರು ಲಘುಗಳೆಲ್ಲ ಸ್ವಸ್ಥಾನದಲ್ಲಿ. ಛಂದಸ್ಸಿನಲ್ಲಿ ದೋಷವಿರಲಿಲ್ಲ. ದೋಷವೆಲ್ಲ ಬಾಣಲೆಯಲ್ಲಿತ್ತು.

“ಪಂಡಿತರೇ, ಹೂರಣ ಹರಿಯುತ್ತಿದೆ!” ಎಂದು ಕಿಟಕಿಯತ್ತ ಕೂಗಿದೆ. ಮೊಬೈಲು ಕಪ್ಪಗೆ, ನಿರ್ವಿಕಾರವಾಗಿ ಮಲಗಿತ್ತು.

“ಅದರ ಕಿವಿ ಮುಚ್ಯಾವ್ರೀ. ನನ್ನವು ತೆರದಾವ” ಎಂದಳು ಇಂದಿರೆ.

“ನಿನ್ನ ಮೌನವ್ರತ ಇಲ್ಲಿಗೆ ಮುಗಿಯಿತು. ಏನು ತಪ್ಪಾಗಿದೆ ಹೇಳು.”

“ಬೇಳಿ ಬೆಂದ ಮ್ಯಾಲೆ ನೀರು ಬಸದ್ರೇನು?”

“ಬಸಿಯುವುದೇ? ಶ್ಲೋಕದಲ್ಲಿ ಅದಿಲ್ಲ.”

“ನೀರು ಬಸೀಲಿಕ್ಕೆ ಶ್ಲೋಕ ಬೇಕೇನ್ರಿ? ಹೋಳಿಗಿ ಮಾಡಿದಾಗೆಲ್ಲಾ ನನ್ನ ಕಟ್ಟಿನ ಸಾರು ಸುರೀತಿದ್ರಲ್ಲಾ, ಆ ಕಟ್ಟು ಎಲ್ಲಿಂದ ಬರತದಂತ ತಿಳಕೊಂಡಿದ್ರಿ?”

ನಾನು ಅದನ್ನು ಎಂದೂ ಯೋಚಿಸಿರಲಿಲ್ಲ. ಅಷ್ಟರಲ್ಲಿ ಬಾಗಿಲ ಗಂಟೆ ಮೊಳಗಿತು. ಅಂಜಲಿ ರೇಷ್ಮೆ ಸೀರೆಯುಟ್ಟು, ಹಸಿದ ಮುಖದಲ್ಲಿ ಒಳಗೆ ಬಂದು ಮೂಗು ಅರಳಿಸಿದಳು.

“ಕಾಕಾ, ಆಜ್ ಕಂಪನೀಚಾ ವಾಸ್ ಜಾಸ್ತ ಯೇತೋಯ್ ನಾ?”

ಎಂಐಡಿಸಿಯ ಕಾರ್ಖಾನೆಗಳ ವಾಸನೆ ಇಂದು ಹೆಚ್ಚಾಗಿದೆಯೆಂದು ಆ ಸಾಧ್ವಿ ಭಾವಿಸಿದ್ದಳು. ಸತ್ಯವ್ರತನಾದ ನಾನು ಮೊದಲ ಬಾರಿಗೆ ಮೌನವನ್ನು ಆಶ್ರಯಿಸಿದೆ.

“ಕೂಡ ಅಂಜಲಿ, ಆತು” ಎಂದು ಅವಳನ್ನು ಕೂಡಿಸಿ ಇಂದಿರೆ ನನ್ನತ್ತ ತಿರುಗಿದಳು. ಇಳಿದ ಧ್ವನಿಯಲ್ಲಿ ಆಜ್ಞೆಗಳು ಬಂದವು. “ಉರಿ ಆರಸ್ರಿ. ಬಾಂಡ್ಲಿ ಅಂಚಿನಾಗ ಗಟ್ಟಿ ಆಗೇದಲ್ಲ, ಅಷ್ಟ ತಗೀರಿ. ದೇವಿಗೆ ಅದs ಸಾಕು. ತಳ ಕೆದರಬ್ಯಾಡ್ರಿ. ಮ್ಯಾಲಿಂದು ಬ್ಯಾರೆ ಪಾತೇಲಿಗೆ ಹಾಕ್ರಿ. ಕೊಬ್ಬರಿ ಹಾಲು, ಯಾಲಕ್ಕಿ, ತುಪ್ಪ. ತುಪ್ಪ ಅಂದೆ, ಹನಿ ಅನ್ನಲಿಲ್ಲ.”

ಅಂಚಿನ ಹೂರಣ ಮತ್ತು ಮೊದಲೇ ನಾದಿಟ್ಟಿದ್ದ ಕಣಕದಿಂದ ಒಂದೇ ಒಂದು ಹೋಳಿಗೆ ಮೂಡಿತು. ಅದು ಒಡೆದಿತ್ತು, ಓರೆಯಾಗಿತ್ತು. ಆದರೂ ದೇವಿಯ ಮುಂದೆ ತಲುಪಿತು. ಇಂದಿರೆ ಎಡಗೈಯನ್ನೇ ಎದೆಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಉಳಿದದ್ದು ಪಾಯಸವೆಂಬ ಹೆಸರು ಪಡೆದು ಅಂಜಲಿಯ ಎಲೆಗೆ ಬಂತು. ಅವಳು ಮೂರನೆಯ ಬಟ್ಟಲು ಮುಗಿಸಿ, ಮಾಡಿದ ಬಗೆಯನ್ನು ಕೇಳಿದಳು: “ಕಾಕಾ, ಹೀ ಖೀರ್ ಕಶೀ ಕೇಲೀ? ರೆಸಿಪಿ ದ್ಯಾ ನಾ.”

ನಾನು ಗಂಟಲು ಸರಿಮಾಡಿಕೊಂಡೆ. “ಪಚೇತ್...”

“ಬ್ಯಾಡ್ರಿ” ಎಂದಳು ಇಂದಿರೆ. “ಆಕಿ ಗಾಡಿ ತಪ್ಪತದ.”

ಸಂಜೆ ಮಡಿ ಬಿಚ್ಚಿ, ಪಂಡಿತರನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದು ಮೊಬೈಲು ಹಿಡಿದೆ. ಶ್ಲೋಕಗಳ ಕೆಳಗೆ, ನಾನು ಓದದೆ ಬಿಟ್ಟ ಗದ್ಯದಲ್ಲಿ, ಸ್ಪಷ್ಟವಾಗಿ ಬರೆದಿತ್ತು: ‘ಛಂದಸ್ಸಿಗೆ ಹೊಂದಿಸಲು ಬೇಳೆಯ ನೀರು ಬಸಿಯುವ ಹಂತವನ್ನು ಬಿಡಬೇಕಾಯಿತು. ದಯವಿಟ್ಟು ಶ್ಲೋಕವನ್ನಷ್ಟೇ ನಂಬಿ ಅಡುಗೆ ಮಾಡಬೇಡಿ.’ ತರಾಟೆಯನ್ನು ಹಿಂತೆಗೆದುಕೊಂಡು, ಆ ಗದ್ಯವನ್ನು ಇಂದಿರೆಗೂ ಓದಿ ಹೇಳಿದೆ.

ಶ್ರಾವಣದಲ್ಲಿ ಇನ್ನೂ ಶುಕ್ರವಾರಗಳಿವೆ. ಈಗ ನಾನು ದಿನಕ್ಕೊಂದು ಹೋಳಿಗೆಯನ್ನು ನನ್ನ ಕೈಯಿಂದಲೇ ಕೆಡಿಸಿ, ಎಲ್ಲಿ ತಪ್ಪಿದೆನೆಂದು ಆಮೇಲೆ ಪಂಡಿತರನ್ನು ಕೇಳುತ್ತೇನೆ. ಅವರು ಪ್ರತಿಸಲವೂ, ‘ಮಾಡುವಾಗ ಹತ್ತಿರವಿದ್ದು ನೋಡಿದವರು ಯಾರಾದರೂ ಇದ್ದಾರೆಯೇ?’ ಎಂದು ವಿಚಾರಿಸುತ್ತಾರೆ. ಇದ್ದಾರೆ. ಹೊಸ್ತಿಲ ಆಚೆ, ಕುರ್ಚಿಯಲ್ಲಿ.

ನಿನ್ನೆಯದನ್ನು ತಟ್ಟೆಯಲ್ಲಿಟ್ಟು ಅವಳ ಮುಂದೆ ಹಿಡಿದೆ. “ಹೇಗಿದೆ?”

ಇಂದಿರೆ ಒಂದು ಚೂರು ಮುರಿಯಲು ನೋಡಿದಳು, ಅದು ಒಪ್ಪಲಿಲ್ಲ. “ಗದ್ಯ ಆಗೇದ್ರಿ” ಎಂದಳು. “ನೀವs ಪೂರ್ತಿ ಮುಗಸ್ರಿ. ಈ ಸಲ ಕಡೀತನಕ.”

ಅಗಿಯುತ್ತಿದ್ದೇನೆ.