ನಮ್ಮ ಯಜಮಾನರು ದಿಲ್ಲಿಗೆ ಹೊರಟದ್ದು

ಕೆರೆ, ಮರ ಅಂತ ಅಲೆಯುವ ಗಂಡನನ್ನು ಕಟ್ಟಿಕೊಂಡವಳಿಗೆ ನಗುವುದಕ್ಕೇನೂ ಬರವಿಲ್ಲ. ಇವರು ತುಮಕೂರು ಕ್ಷೇತ್ರದಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತ ಮೇಲಂತೂ ದಿನಕ್ಕೊಂದು ಪ್ರಸಂಗ. "ತಾಲೂಕಾಫೀಸಿಗೆ ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಯ್ತು ಕಣೇ. ಕೆರೆ ಮಾತು ಇನ್ನು ಪಾರ್ಲಿಮೆಂಟಲ್ಲೇ ಆಡ್ತೀನಿ" ಅಂದರು. ಇಷ್ಟು ವರ್ಷ ನಾನೊಬ್ಬಳೇ ಕೇಳಿದ್ದಾಯಿತು, ಇನ್ನು ದೇಶವೂ ಕೇಳಲಿ ಅಂತ ಒಪ್ಪಿದೆ.

ಸಿಕ್ಕ ಗುರುತು

ಚುನಾವಣಾ ಗುರುತಿಗೆ ಇವರು ತೆಂಗಿನ ತೋಟ ಕೇಳಿದ್ದರು. ಅದನ್ನೇ ಇನ್ನೊಬ್ಬರೂ ಕೇಳಿದ್ದರಿಂದ ಚೀಟಿ ಎತ್ತಿದರು, ಅದು ಅವರ ಪಾಲಾಯಿತು. ಮರ ಕಡೀಬೇಡಿ ಅಂತ ಜಿಲ್ಲೆಯೆಲ್ಲ ಕೂಗಿದ ಮನುಷ್ಯನಿಗೆ ಸಿಕ್ಕಿದ್ದು ಗರಗಸ.

ಶಿರಾ ಗೇಟಿನಲ್ಲಿ ಕರಪತ್ರ ಹಂಚುವಾಗ ಸಾಮಿಲ್ ಮಾಲೀಕರೊಬ್ಬರು ಹಾರ ಹಿಡಿದು ಓಡಿಬಂದರು. ಅವರ ಮೇಲೆ ಇವರು ಕೊಟ್ಟ ದೂರು ಒಂದೆರಡಲ್ಲ. ಹಾರ ಹಾಕಿ, ಕೈ ಹಿಡಿದುಕೊಂಡು, "ಕೊನೆಗೂ ನಮ್ ಕಷ್ಟ ಅರ್ಥ ಆಯ್ತಲ್ಲ ಸಾರ್" ಅಂದರು.

ಕುಣಿಗಲ್ ಕಡೆ

ಓಟು ಕೇಳಿದರೆ ಗುಬ್ಬಿಯ ಜನ ನೋಡೋಣ ಅಂದರು. ಬೆಳ್ಳಾವಿಯಲ್ಲಿ ಅದನ್ನೂ ಅನ್ನಲಿಲ್ಲ. ಕುಣಿಗಲ್ ಕಡೆಯ ಒಂದು ಹಳ್ಳಿಯಲ್ಲಿ ಮಾತ್ರ ಎಳನೀರು ಕೊಟ್ಟು, ಮುದ್ದೆ ಉಪ್ಸಾರು ಬಡಿಸಿ, ನಿಮ್ಮಂಥವರೇ ಗೆಲ್ಲಬೇಕು ಅಂತ ಮನೆಮನೆಯವರೂ ಹೇಳಿದರು. ಇವರಿಗೆ ಕಣ್ಣಲ್ಲಿ ನೀರು. ಹೊರಡುವಾಗ, ನಿಮ್ಮ ಓಟೆಲ್ಲ ನನಗೇ ತಾನೇ ಅಂತ ಕೇಳಿದರು.

"ಹಾಕ್ತಿದ್ವಿ ಸ್ವಾಮಿ" ಅಂದರು ಒಬ್ಬ ಹಿರಿಯರು. "ಆದ್ರೆ ನಮ್ದು ಜಿಲ್ಲೆ ಮಾತ್ರ ತುಮಕೂರು. ಎಂಪಿ ಓಟು ಬೆಂಗಳೂರು ಗ್ರಾಮಾಂತರಕ್ಕೆ."

ಮೊದಲೇ ಹೇಳಬಾರದಿತ್ತೇ ಅಂದರೆ, ಪಾಪ, ಉಂಡು ಹೋಗಲಿ ಅಂತ ಸುಮ್ಮನಿದ್ದರಂತೆ.

ಕಡಬದವರ ತೀರ್ಮಾನ

ಕಡಬದ ಕೆರೆಗೆ ನೀರು ತರುವ ಕಾಲುವೆಯನ್ನು ಮುಚ್ಚಲು ಯಾರು ಬಂದರೂ, ಜೆಸಿಬಿಗೆ ಅಡ್ಡ ಮಲಗಿ ತಡೆದವರು ಇವರು. ಬೇರೆಲ್ಲೂ ಬೀಳದಿದ್ದರೂ ಅಲ್ಲಿ ಓಟು ಬೀಳುತ್ತದೆ ಅಂತ ನಂಬಿದ್ದರು. ಎಣಿಕೆ ಮುಗಿದಾಗ ಅಲ್ಲೇ ಎಲ್ಲಕ್ಕಿಂತ ಕಡಿಮೆ. ಸೋತಿದ್ದಕ್ಕಿಂತ ಅದೇ ಇವರಿಗೆ ಹೆಚ್ಚು ನೋವಾಯಿತು. ಸರಿಯಾಗಿ ಊಟವನ್ನೂ ಮಾಡಲಿಲ್ಲ. ನನಗೂ ಆ ಊರಿನವರ ಮೇಲೆ ಹೊಟ್ಟೆ ಉರಿಯಿತು.

ವಾರ ಕಳೆಯುವುದರೊಳಗೆ ಅಲ್ಲಿಂದ ಒಂದು ಗುಂಪು ನಮ್ಮ ಮನೆಗೇ ಬಂತು. ನಾನು ಕಾಫಿ ಕೊಡದೆ, ಯಾಕೆ ಹೀಗೆ ಮಾಡಿದಿರಿ ಅಂತ ನೇರವಾಗಿ ಕೇಳಿದೆ. ಅವರಲ್ಲಿದ್ದ ಅಜ್ಜಿ ನಿಧಾನವಾಗಿ ಕೂತರು.

"ಬೇಜಾರ್ ಮಾಡ್ಕೋಬ್ಯಾಡವ್ವ. ಇವ್ರಿಗೆ ಯಾರೂ ಓಟ್ ಹಾಕ್ಬಾರ್ದು ಅಂತ ಊರೋರೆಲ್ಲ ಸೇರಿ ತೀರ್ಮಾನ ಮಾಡಿದ್ವಿ. ಇವ್ರು ಗೆದ್ದು ದಿಲ್ಲಿಗೆ ಹೋದ್ರೆ ಇಲ್ಲಿ ಅಡ್ಡ ಮಲ್ಗೋರು ಯಾರು? ಗೆದ್ದೋರು ಯಾರಾದ್ರೂ ಮಲಗವ್ರಾ?"

ಆಮೇಲೆ ನಮ್ಮ ಯಜಮಾನರ ಕಡೆ ತಿರುಗಿದರು.

"ನಾಳೆ ಮತ್ತೆ ಜೆಸಿಬಿ ಬರ್ತದಂತೆ. ಬೆಳಗ್ಗೆನೇ ಬಂದ್ಬುಡಿ ಸ್ವಾಮಿ, ಚಾಪೆ ನಾವೇ ತರ್ತೀವಿ."