ದಾಕ್ಷಾಯಿಣಿ ಟ್ರೇಲರ್ ಆರಿಸಿದ್ದು

ಅಂಗಡಿಯವನು ತಾನಾಗಿಯೇ ಅಗ್ಗದ ಮಾಲು ತೋರಿಸಿ "ಇದ ಸಾಕ್ರಿ" ಅಂದರೆ ಒಳಗೇನೋ ಮಸಲತ್ತು ಇದೆ ಎಂದೇ ಅರ್ಥ. ಇದು ದಾಕ್ಷಾಯಿಣಿಯ ಸಿದ್ಧಾಂತ. ಸೀರೆಯಲ್ಲೂ ಕುಕ್ಕರಿನಲ್ಲೂ ಪರೀಕ್ಷೆಯಾದದ್ದು. ಈಗ ಮಗಳು ಮಾನಸಿಯನ್ನು ಕಂಕುಳಲ್ಲಿಟ್ಟುಕೊಂಡು ಗೋಕುಲ ರಸ್ತೆಯ ಟ್ರೇಲರ್ ಅಂಗಡಿಯಲ್ಲಿ ನಿಂತಿದ್ದಳು.

ಗಂಡ ಬಸವಕಿರಣ ಅಪ್ಪನ ಹತ್ತಿ ವ್ಯಾಪಾರ ಬಿಟ್ಟು ಮೋಟಾರು ದೋಣಿ ಕೊಂಡಿದ್ದ. ಭಾನುವಾರ ಕಾಳಿ ನದಿಯ ಹಿನ್ನೀರಿನಲ್ಲಿ ಪ್ರವಾಸಿಗರ ಮೊದಲ ಸವಾರಿ. ಅಷ್ಟರೊಳಗೆ ದೋಣಿ ಅಲ್ಲಿ ಮುಟ್ಟದಿದ್ದರೆ ಸೋಮವಾರ ಮತ್ತೆ ಹತ್ತಿ ಅಂಗಡಿಯ ಗಾದಿಯೇ ಗತಿ. ಮಾವನವರು ಆಗಲೇ ಗಾದಿ ಝಾಡಿಸಿ ಇಟ್ಟಿದ್ದರು.

"ನಿಮ್ಮ ದೋಣಿಗೆ ಎರಡು ಗಾಲಿದು ಬೇಕಾದಷ್ಟಾತ್ರಿ," ಅಂದ ಅಂಗಡಿಯ ಸಿದ್ದಲಿಂಗಪ್ಪ. "ನಾಕು ಗಾಲಿದು ಸುಮ್ನ ದಂಡ."

"ಯಾಕ, ಅದು ಮುರದೈತೇನು?"

"ಛಲೋನ ಐತ್ರಿ ಅಕ್ಕಾರ."

"ಹಂಗಾರ ಇದನ್ಯಾಕ ದಾಟಸಾಕತ್ತೀರಿ?"

ಬಸವಕಿರಣ ತಲೆ ಕೆರೆದುಕೊಂಡ. "ತುಟ್ಟೀದು ಹೇಳಿದ್ರ ಕಳ್ಳ, ಸೋವೀದು ಹೇಳಿದ್ರ ಮಹಾಕಳ್ಳ. ಅವರರ ಏನ್ ಮಾಡ್ಬೇಕು?"

"ನೀವು ಸುಮ್ನಿರ್ರಿ. ಅವರ ಚಹಾ ಕುಡದ್ರಿ, ಮೆತ್ತಗಾದ್ರಿ."

ಗಾಲಿಗೆ ಒದ್ದಳು, ಬಣ್ಣವನ್ನು ಉಗುರಿನಿಂದ ಕೆರೆದಳು, ಗ್ರೀಸನ್ನು ಮೂಸಿದಳು (ಹೆಸರುಬೇಳೆಯನ್ನೂ ಹಾಗೇ ಮೂಸುತ್ತಾಳೆ). ದೋಷ ಸಿಗಲಿಲ್ಲವೆಂಬ ಬೇಸರದಲ್ಲೇ ಎರಡು ಗಾಲಿಯದಕ್ಕೆ ಒಪ್ಪಿದಳು. ಹೊರಡುವಾಗ ಸಿದ್ದಲಿಂಗಪ್ಪ ಹೇಳಿದ: "ಸಾಮಾನು ಹಾಕಿದ್ರ ಮುಂದಿನ ಬಾಜು ಹಾಕ್ರಿ. ಭಾರ ಸ್ವಲ್ಪ ಜೀಪಿನ ಮ್ಯಾಲೆ ಕೂಡಬೇಕು."

ಈಗ ಸಿಕ್ಕಿಬಿದ್ದ, ಅಂದುಕೊಂಡಳು ದಾಕ್ಷಾಯಿಣಿ. ಜೀಪಿನ ಬೆನ್ನು ಮುರಿಸಿ, ನಾಳೆ ಅದರ ಬಿಡಿಭಾಗ ಮಾರುವ ಹುನ್ನಾರ.

ಶನಿವಾರ ಬೆಳಿಗ್ಗೆ ಕಮರಿಪೇಟೆಯ ಮನೆ ಮುಂದೆ ದೋಣಿ ಟ್ರೇಲರ್ ಏರಿ ಜೀಪಿಗೆ ಜೋಡಣೆಯಾಯಿತು. ಸುಳ್ಳ ಎಂಬ ಹಳ್ಳಿಯ ಅವಳ ತವರಿನಲ್ಲಿ ಗಾಡಿ ಬರಿದಾಗಿ ಹೊರಟದ್ದೇ ಇಲ್ಲ. ದಾಕ್ಷಾಯಿಣಿ ಹಿನ್ನೀರಿನ ಸಂಸಾರಕ್ಕೆಂದು ಜೋಳದ ಚೀಲ, ರೊಟ್ಟಿ ಡಬ್ಬಿ, ನೀರಿನ ಪೀಪಾಯಿ, ಹಾಸಿಗೆ ಎಲ್ಲವನ್ನೂ ದೋಣಿಗೇರಿಸಿದಳು. ಎಲ್ಲವೂ ಹಿಂದಕ್ಕೆ, ಎಂಜಿನ್ನಿನ ಮಗ್ಗುಲಿಗೆ. ಎತ್ತಿನ ಹೆಗಲು ನೋಯದಿರಲೆಂದು ಅವಳ ಅಪ್ಪ ಚಕ್ಕಡಿಯಲ್ಲಿ ಚೀಲ ಹಿಂದಕ್ಕೆ ಸರಿಸುತ್ತಿದ್ದ. ಜೀಪಿಗೂ ಜೀವ ಇಲ್ಲವೇ?

ಬಸವಕಿರಣ ಜೀಪು ಚಾಲೂ ಮಾಡಿ ಗೇರ್ ಹಾಕಿದ. ಅದು ಒದೆಯಲು ಸಿದ್ಧವಾದ ಕತ್ತೆಯಂತೆ ಹಿಂಗಾಲು ಎತ್ತಿತು. ಗಾಲಿಗಳು ಗಾಳಿಯಲ್ಲಿ ಗಿರ್ರನೆ ತಿರುಗಿದವು. ದೋಣಿಯ ಮೂತಿ ಆಕಾಶ ನೋಡಿತು. ಓಣಿಗೆ ಓಣಿಯೇ ನೆರೆಯಿತು.

ದಾಕ್ಷಾಯಿಣಿ ಸಿದ್ದಲಿಂಗಪ್ಪನಿಗೆ ಫೋನು ಹಚ್ಚಿ, ಓಣಿಯೇ ಸಾಕ್ಷಿಯಾಗಲೆಂದು ಸ್ಪೀಕರ್ ಒತ್ತಿದಳು. "ಎಂಥಾ ಟ್ರೇಲರ್ ಕೊಟ್ಟೀರಿ? ಜೀಪನ್ನ ಎತ್ತಿ ಒಗ್ಯಾಕತ್ತೈತಿ."

"ಸಾಮಾನು ಎಲ್ಲಿ ಹಾಕೀರಿ ಅಕ್ಕಾರ?"

ಓಣಿಯೇ ಉತ್ತರಿಸಿತು: "ಹಿಂದ."

"ಹಂಗಾರ ಒಬ್ಬರು ಮುಂದ ಹತ್ತಿ ಕುಂಡ್ರಿ. ಉಳದವ್ರು ಹಿಂದಿನ ಸಾಮಾನು ಇಳಸ್ರಿ."

ಎಲ್ಲರೂ ಅವಳನ್ನೇ ನೋಡಿದರು. ದಾಕ್ಷಾಯಿಣಿ ಸೆರಗು ಸಿಕ್ಕಿಸಿ ದೋಣಿಯ ಮೂತಿಗೆ ಹತ್ತಿ ಕುಳಿತಳು. ಜೀಪು ವಿನಯದಿಂದ ನೆಲಕ್ಕಿಳಿಯಿತು.

"ಎಷ್ಟ ಹಗೂರ ಇಳೀತು ನೋಡ್ರಿ," ಅಂದಳು ಪಕ್ಕದ ಮನೆಯ ಹಾಜರಾಬಿ.

ಸಾಮಾನು ಇಳಿಯತೊಡಗಿತು. ಅತ್ತೆ ಸಂಗವ್ವ ಹಾಸಿಗೆ ಸರಿಸಿ ನೋಡಿ, "ಇದು ನನ್ನ ಬೀಸೂಕಲ್ಲು," ಅಂದರು. "ಎಲ್ಲಿ ಹೋತಂತ ನಸುಕಿನಿಂದ ಹುಡಕಾಕತ್ತೇನಿ."

ಕೊನೆಗೆ ಬಸವಕಿರಣ ಕೈ ಝಾಡಿಸಿಕೊಂಡ. "ಎಲ್ಲಾ ಇಳಸೇವಿ. ಇಳಿ, ಹೊತ್ತಾತು."

"ಖರೇನ?"

"ಖರೇನ."

"ಮತ್ತ ನಗಾಕತ್ತೀರಿ ಯಾಕ?"

ಅವನು ಮುಖ ಆಚೆ ತಿರುಗಿಸಿದ. ಅತ್ತೆ ಸೆರಗು ಬಾಯಿಗೊತ್ತಿಕೊಂಡರು. ದಾಕ್ಷಾಯಿಣಿ ಎಲ್ಲರನ್ನೂ ಒಮ್ಮೆ ಕೂಲಂಕಷವಾಗಿ ನೋಡಿದಳು, ಸ್ಪೀಕರ್ ಬಂದ್ ಮಾಡಿದಳು, ಫೋನನ್ನು ಕಿವಿಗೆ ಹಿಡಿದು ಮೆಲ್ಲಗೆ ಕೇಳಿದಳು:

"ಸಿದ್ದಲಿಂಗಪ್ಪಣ್ಣಾ, ನಾ ಈಗ ಇಳೀಲೇನ್ರಿ?"