ಷಡಕ್ಷರಿಯ ಹೈಡ್ರಾಲಿಕ್ಕು

ಇಂಜಿನ್ನು ಬಿಚ್ಚಿಸಿದವನು ರಿಪೇರಿ ಮುಗಿಸಿ ಮತ್ತೆ ಜೋಡಿಸಿಕೊಂಡು ಸುಮ್ಮನಿರಬೇಕಿತ್ತು. ಮುಳ್ಳೂರಿನ ಷಡಕ್ಷರಿ ಅಷ್ಟು ಮಾಡಿದ್ದರೆ ಅವನ ಕೊಟ್ಟಿಗೆಯಲ್ಲಿ ಎತ್ತುಗಳು ಉಳಿಯುತ್ತಿದ್ದವು.

ಬೆಟ್ಟದ ಕಾಫಿ ತೋಟದವರು ಸಾಕಪ್ಪಾ ಸಾಕು ಎಂದು ಮಾರಿದ ಎರಡು ಸಣ್ಣ ಟ್ರಾಕ್ಟರುಗಳಲ್ಲಿ ಒಂದನ್ನು ಷಡಕ್ಷರಿ, ಇನ್ನೊಂದನ್ನು ಅವನ ದಾಯಾದಿ ಸದಾಶಿವಪ್ಪ ಕೊಂಡಿದ್ದರು. ನೇಗಿಲನ್ನು ನೆಲದಿಂದ ಮೇಲಕ್ಕೆ ತರಲು ಸೀಟಿನ ಪಕ್ಕ ಉದ್ದನೆಯ ಕಬ್ಬಿಣದ ಹಿಡಿ ಇತ್ತು. ಪ್ರತಿ ಸಾಲಿನ ಕೊನೆಗೂ ಅದನ್ನು ಜಗ್ಗಿ ಜಗ್ಗಿ ಷಡಕ್ಷರಿಯ ಸೊಂಟ ಹಿಡಿದುಹೋಗಿತ್ತು. ಸೊಂಟ ಹಿಡಿದ ದಿನ ಗತಿಯಾಗಿದ್ದವು ಮನೆಯಲ್ಲೇ ಹುಟ್ಟಿ ಬೆಳೆದ ಎತ್ತುಗಳು, ಕೆಂದ ಮತ್ತು ಮಚ್ಚ. ಸದಾಶಿವಪ್ಪನೇನೋ ಟ್ರಾಕ್ಟರು ಬಂದ ವಾರವೇ ತನ್ನ ಎತ್ತುಗಳನ್ನು ಮಾರಿ ಮೀಸೆ ತಿರುವಿದ್ದ.

ಆ ಸೋಮವಾರ ಬೆಳಿಗ್ಗೆ ಹುಣಸೆಮರದ ಕೆಳಗೆ ಮಾರ್ಟಳ್ಳಿಯ ಮೆಕ್ಯಾನಿಕ್ ಚಿನ್ನಸ್ವಾಮಿ ಇಂಜಿನ್ನಿಗೆ ಹೊಸ ರಿಂಗು ಹಾಕುತ್ತಿದ್ದ. ಎರಡು ದಿನದ ಹಿಂದೆ ಒಳ್ಳೆಯ ಮಳೆಯಾಗಿ ಎರೆ ಹೊಲ ಹದಕ್ಕೆ ಬಂದಿತ್ತು. ಅವತ್ತೋ ಮರುದಿನವೋ ಉತ್ತು ಬಿತ್ತದಿದ್ದರೆ ಬಿಸಿಲಿಗೆ ಹದ ಆರಿ ಆ ವರ್ಷದ ಎಳ್ಳಿನ ಆಸೆ ಬಿಡಬೇಕು. ಅಷ್ಟರಲ್ಲಿ ಹೆಗಲ ಮೇಲೆ ಗೋಣಿಚೀಲ ಹೊತ್ತು ಸದಾಶಿವಪ್ಪ ಬಂದ. ಚೀಲದೊಳಗೆ ಪಂಪು, ಸಿಲಿಂಡರು, ರಬ್ಬರ್ ಪೈಪುಗಳು.

"ಐಡ್ರಾಲಿಕ್ಕು ಕಣಯ್ಯ! ಎಂಗೂ ಇಂಜಿನ್ ಬಿಚ್ಚಾಗದೆ, ಇದ್ನೂ ಕೂರಿಸ್ಬುಡ್ಲಿ. ಬೆರಳಲ್ಲಿ ಇಂಗಂದ್ರೆ ಸಾಕು, ನೇಗ್ಲು ತಾನೇ ಮ್ಯಾಕ್ಕೇಳ್ತದೆ."

"ನಿನ್ನ ಟ್ರಾಕ್ಟ್ರಿಗೆ ಬ್ಯಾಡ್ವಾ ಅಣ್ಣ?"

"ಅದ್ನ ಮಗಳ ಊರಿಗೆ ಕಳ್ಸಿವ್ನಿ. ಅಲ್ಲಿ ಬರೀ ಗಾಡಿ ಎಳೆಯೋ ಕೆಲ್ಸ."

"ಇದ್ಕೆ ಏನ್ ಕೊಡ್ಬೇಕು?"

"ನಮ್ನಮ್ಮಲ್ಲಿ ದುಡ್ಡಿನ ಮಾತ್ಯಾಕೆ? ಆ ಎತ್ತಿನ ಜೋಡಿ ಬುಟ್ಕೊಡು. ಮೊದ್ಲು ನೇಗ್ಲು ಏಳ್ಲಿ, ಆಮೇಲೇ ಒಡ್ಕಂಡೋಯ್ತೀನಿ."

ಒಳಗಿದ್ದ ಹೆಂಡತಿ ಚನ್ನಮಲ್ಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ನಿಮ್ಮ ಸೊಂಟಕ್ಕೆ ದಿನಾ ನಾನೇ ಎಣ್ಣೆ ತಿಕ್ತೀನಿ ಕಣ್ರಿ. ಎತ್ತು ಮಾತ್ರ ಬುಡ್ಬ್ಯಾಡಿ."

"ನಿಂಗೇನ್ ಗೊತ್ತಾದದು, ಸುಮ್ಕಿರು," ಎಂದ ಷಡಕ್ಷರಿ. ಹಾಗೆನ್ನಬಾರದಿತ್ತು ಎಂದು ಸಂಜೆಯೊಳಗೆ ಅವನಿಗೇ ಅನ್ನಿಸಿತು.

ಚಿನ್ನಸ್ವಾಮಿ ಇಂಜಿನ್ನಿನ ಮುಂದೆ ಪಂಪು ಕೂರಿಸಿ ಬೆಲ್ಟು ಹಾಕಿದ. ಸಿಲಿಂಡರಿಗೆ ಮಾತ್ರ ಎಲ್ಲೂ ಜಾಗವಿಲ್ಲ.

"ಈ ಇಡಿ ಅಡ್ಡ ಬತ್ತದೆ ಸಾ. ಇನ್ಮ್ಯಾಕೆ ಇದ್ಯಾತಕ್ಕೆ? ಕುಯ್ದಾಕ್ಲಾ?"

"ಕುಯ್ದಾಕು, ಅದ್ರ ಮುಖ ನೋಡಕಾಗಲ್ಲ."

ಗರಗಸದ ಕರಕರ ಸದ್ದಿಗೆ ನೆರೆಮನೆಯ ಹಿರಿಯ ಪುಟ್ಟಮಾದಪ್ಪ ಎದ್ದು ಬಂದ. "ಸೋಮಾರ ಕಣ್ಲಾ ಇವತ್ತು! ಬಸವಣ್ಣನ ದಿನ ಹೊಲ ಉಳಂಗಿಲ್ಲ."

"ಇದೇನು ಬಸವಣ್ಣನೇ ಮಾವ? ಉಲ್ಲು ತಿಂದದಾ, ಸಗಣಿ ಆಕ್ತದಾ? ಕಬ್ಬಿಣಕ್ಯಾವ ಸೋಮಾರ?"

ಮಧ್ಯಾಹ್ನ ಇಂಜಿನ್ನು ಶುರುವಾಯಿತು. ಷಡಕ್ಷರಿ ಬೆರಳಾಡಿಸಿದ. ಬೀಗರನ್ನು ಕಂಡು ಜಗಲಿಯಿಂದೆದ್ದ ಹಿರಿಯರಂತೆ ನೇಗಿಲು ನಿಧಾನವಾಗಿ, ಗಂಭೀರವಾಗಿ ಮೇಲೆದ್ದಿತು. ನೆರೆದವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವ ಮೊದಲೇ ಸದಾಶಿವಪ್ಪ ಕೊಟ್ಟಿಗೆಯಲ್ಲಿ ಹಗ್ಗ ಬಿಚ್ಚುತ್ತಿದ್ದ. ಬೀದಿ ತಿರುವಿನಲ್ಲಿ ಕೆಂದ ನಿಂತು ಹಿಂದಿರುಗಿ ನೋಡಿತು. ಷಡಕ್ಷರಿ ನೋಡಲಾರದೆ ಪೈಪು ನೋಡುತ್ತಾ ನಿಂತ.

ಹೊಲದಲ್ಲಿ ಮೊದಲ ಸಾಲು ಬೆಣ್ಣೆ ಕೊಯ್ದಂತೆ ಹೋಯಿತು. ಎರಡನೆಯದೂ ಸಲೀಸು. ಮೂರನೆಯ ಸಾಲಿಗೆ ತಗ್ಗಿನ ಹಸಿ ನೆಲಕ್ಕೆ ಇಳಿದದ್ದೇ ತಡ, ಪೈಪು ಫಟ್ಟೆಂದು ಒಡೆದು ಬಿಸಿ ಎಣ್ಣೆಯೆಲ್ಲ ಅವನ ಬಿಳಿ ಅಂಗಿಯ ಪಾಲಾಯಿತು. ನೇಗಿಲು ನೆಲಕ್ಕೆ ಕಚ್ಚಿಕೊಂಡಿತು. ಗಾಬರಿಯಲ್ಲಿ ಅವನು ಜೋರು ಕೊಟ್ಟಷ್ಟೂ ಚಕ್ರಗಳು ಗರಗರ ತಿರುಗಿ, ಟ್ರಾಕ್ಟರು ಹೊಟ್ಟೆಯವರೆಗೆ ಹೂತಿತು.

ಬದುವಿನ ಮೇಲಿದ್ದವರು ಕೂಗಿದರು: "ಇಡಿ ಜಗ್ಗಯ್ಯಾ, ಇಡಿ!"

ಯಾವ ಹಿಡಿ? ಗೇಣುದ್ದದ ಮೋಟು ಇತ್ತು. ಷಡಕ್ಷರಿ ಅದನ್ನೇ ಹಿಡಿದು ಜಗ್ಗಿದ. ಸೊಂಟ ಮಾತ್ರ ಕಳಕ್ ಎಂದಿತು.

"ಎತ್ತು ಕಟ್ಟೇ ಎಳುಸ್ಬೇಕು," ಎಂದ ಪುಟ್ಟಮಾದಪ್ಪ. "ಆದ್ರೆ ಇವತ್ತು ಸೋಮಾರ ಯಾರೂ ಕಟ್ಟಲ್ಲ, ನಾಳೆ ಎಲ್ರೂ ಅವರವರ ಹೊಲ್ಕೆ ಕಟ್ಕಂತಾರೆ. ನಿನ್ನ ಎತ್ತು ತಕಂಡೋಗವ್ನಲ್ಲ, ಸದಾಶಿವನ್ನೇ ಕೇಳು."

ಸೊಂಟದ ಮೇಲೆ ಕೈಯಿಟ್ಟು ಷಡಕ್ಷರಿ ಕಬ್ಬಿನ ಗದ್ದೆ ಬಳಸಿ ಸದಾಶಿವಪ್ಪನ ಹೊಲಕ್ಕೆ ಹೋದ. ಹೋದವನು ಅಲ್ಲೇ ನಿಂತುಬಿಟ್ಟ. ಕಬ್ಬಿನ ಮರೆಯಲ್ಲಿ ಸದಾಶಿವಪ್ಪನ ಟ್ರಾಕ್ಟರು ಹೊಟ್ಟೆಯವರೆಗೆ ಹೂತಿತ್ತು. ಸೀಟಿನ ಪಕ್ಕ ಗೇಣುದ್ದದ ಮೋಟು. ಪಂಪು ಬಿಚ್ಚಿದ ಜಾಗದಲ್ಲಿ ಆಗಲೇ ಜೇಡ ಬಲೆ ಕಟ್ಟಿತ್ತು.

ಸದಾಶಿವಪ್ಪ ಬದುವಿನ ಮೇಲೆ ಕೂತು ಎತ್ತುಗಳಿಗೆ ಕಬ್ಬಿನ ಸೋಗೆ ಹಾಕುತ್ತಿದ್ದ.

"ಮಗಳ ಊರಿಗೆ ಕಳ್ಸಿವ್ನಿ ಅಂದ್ಯಲ್ಲಣ್ಣ!"

"ಇನ್ನೇನನ್ಲಿ? ಎತ್ತು ಮಾರಿದ್ದೂ ಸಾಲ್ದು, ಟ್ರಾಕ್ಟ್ರೂ ಹೂತಾಕ್ಕಂಡ ಅಂತ ಊರೋರು ನಗಲ್ವಾ?"

"ಎತ್ತು ಬೇಕಿತ್ತಣ್ಣ. ನಂದೂ ಹೂತ್ಕತ್ತು."

"ಇವತ್ತು ಸೋಮಾರ ಕಣಯ್ಯ. ಇವು ಕಬ್ಬಿಣದವಲ್ಲ."

"ನಾಳೆ?"

"ನಾಳೆ ಮೊದ್ಲು ನಂದು ಎಳುಸ್ಬೇಕು. ಇನ್ಯಾತಕ್ಕೆ ತಕಂಡೆ ಅಂದ್ಕಂಡೆ? ಆಮೇಲೆ ಉಳ್ಬೇಕು. ನಿಂದು ಬುಧವಾರಕ್ಕೆ ನೋಡವ."

ಬುಧವಾರಕ್ಕೆ ಹೊಲದಲ್ಲಿ ಹದವೆಲ್ಲಿರುತ್ತದೆ? ಕೆಂದ ಬಂದು ಅವನ ಎಣ್ಣೆಗೈಯನ್ನು ಮೂಸಿ ನೆಕ್ಕತೊಡಗಿತು. ಚನ್ನಮಲ್ಲಮ್ಮನಿಗೆ ಯಾವ ಮುಖ ತೋರಿಸುವುದು? ಮೋಸಗಾರ ಎಂದು ಬೈಯೋಣವೆಂದರೆ, ನೇಗಿಲು ಮೇಲೆದ್ದದ್ದನ್ನು ಇಡೀ ಊರೇ ನೋಡಿತ್ತು.

ಸದಾಶಿವಪ್ಪ ಹತ್ತಿರ ಸರಿದು ದನಿ ತಗ್ಗಿಸಿದ. "ಪೈಪ್ ಒಂದು ಓದ್ರೆ ಓಯ್ತು ಬುಡು. ಪಂಪು ಚೆನ್ನಾಗದೆ. ಬಿಚ್ಚಿ ಒರ್ಸಿ ಇಟ್ಕೊ. ಕಾಮಗೆರೇಲಿ ಯಾರೋ ಇಂತದೇ ಅಳೇ ಟ್ರಾಕ್ಟ್ರು ತಕಂಡವ್ನಂತೆ. ಮನೇಲಿ ಎತ್ತೂ ಮಡಗವ್ನಂತೆ."

ಷಡಕ್ಷರಿಗೆ ಛೀ ಎನ್ನಿಸಿತು. ಆ ಮನೆಯ ಬಾಗಿಲಲ್ಲೂ ಒಬ್ಬಳು ಸೆರಗಿಗೆ ಕೈ ಒರೆಸುತ್ತಾ ನಿಂತಿರುತ್ತಾಳೆ. ಅವನು ಹೊರಟ. ಕಬ್ಬಿನ ಗದ್ದೆಯ ಮೂಲೆಯವರೆಗೂ ಹೋಗಿ, ನಿಂತು, ತಿರುಗದೆಯೇ ಕೇಳಿದ:

"ಎಂಗವಂತೆ ಎತ್ತು?"